ಮಕ್ಕಳ ಗ್ರಾಮಸಭೆ ನಡೆಸುವುದು ಹೇಗೆ: ತಯಾರಿಯಿಂದ ಅನುಪಾಲನಾ ವರದಿಯವರೆಗೆ

ಶಾಮಿಯಾನ, ಸ್ವಾಗತ ಗೀತೆ, ಹಾರ ತುರಾಯಿ, ಗಣ್ಯರ ಭಾಷಣ. ಕೊನೆಗೆ ಇಪ್ಪತ್ತು ನಿಮಿಷ ಉಳಿದಾಗ ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನು ನಾಲ್ಕು ಮಕ್ಕಳು ಓದುತ್ತಾರೆ, ವಂದನಾರ್ಪಣೆ ಆಗುತ್ತದೆ. ಮಕ್ಕಳ ಗ್ರಾಮಸಭೆ ಎಂಬ ಹೆಸರಿನಲ್ಲಿ ಎಷ್ಟೋ ಕಡೆ ನಡೆಯುವುದು ಇಷ್ಟೇ. ಆದರೆ ಇದು ಬಲವಾದ ವೇದಿಕೆ. ಗ್ರಾಮಸಭೆಯ ಸದಸ್ಯರಾಗಲು ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಹಾಗಾಗಿ 18 ತುಂಬದವರಿಗೆ ಅಲ್ಲಿ ಜಾಗವಿಲ್ಲ. ಅವರ ಮಾತು ಪಂಚಾಯಿತಿ ನಡಾವಳಿಯಲ್ಲಿ ದಾಖಲಾಗುವ ಜಾಗ ಮಕ್ಕಳ ಗ್ರಾಮಸಭೆ. ಕುಂದಾಪುರ ಕಡೆ 1990ರ ದಶಕದಲ್ಲೇ ದುಡಿಯುವ ಮಕ್ಕಳ ಭೀಮ ಸಂಘ, ಮಕ್ಕಳ ಪಂಚಾಯಿತಿಗಳು ಈ ದಾರಿ ಹಾಕಿದ್ದವು. 2006ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಸುತ್ತೋಲೆ ಹೊರಡಿಸಿದ ಮೇಲೆ ಇದು ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳ ಕೆಲಸವಾಯಿತು.

ಊರಿನ ಯುವಕ ಯುವತಿ ಸಂಘಗಳು, ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಮೇಲ್ವಿಚಾರಕರು, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ), ಶಿಕ್ಷಕರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ) ಇಟ್ಟುಕೊಂಡು ಕೆಲಸ ಮಾಡಲಿ ಎಂದು ಈ ಕೈಪಿಡಿ. ಸಭೆಯ ದಿನದ ಕೆಲಸ ಮೂರು ಗಂಟೆಯದು. ಅದಕ್ಕೆ ಮುಂಚಿನ ಐದಾರು ವಾರ ಮತ್ತು ಆಮೇಲಿನ ಮೂರು ತಿಂಗಳಲ್ಲೇ ಸಭೆಯ ಹಣೆಬರಹ ತೀರ್ಮಾನವಾಗುತ್ತದೆ.

ದಿನಾಂಕ ಮತ್ತು ಮೊದಲ ಕಾಗದ

ಸಭೆಗಳು ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯಿಂದ ಜನವರಿಯೊಳಗೆ ನಡೆಯುತ್ತವೆ. ಆದಷ್ಟು ಬೇಗ ಇಟ್ಟುಕೊಳ್ಳಿ. ಮುಂದಿನ ಆರ್ಥಿಕ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ತಯಾರಿ ಗಾಂಧಿ ಜಯಂತಿಯ ಹೊತ್ತಿಗೇ ಶುರುವಾಗಿರುತ್ತದೆ. ಜನವರಿ ಕೊನೆಯಲ್ಲಿ ಸಭೆ ಮಾಡಿದರೆ ಯೋಜನೆಯ ಪಟ್ಟಿ ಹೆಚ್ಚುಕಡಿಮೆ ಮುಗಿದಿರುತ್ತದೆ. ಮಕ್ಕಳು ಕೇಳಿದ ಕೆಲಸ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ, ಕೇಳಿದ ಹತ್ತನೇ ತರಗತಿಯವರು ಅಷ್ಟರಲ್ಲಿ ಶಾಲೆ ಬಿಟ್ಟಿರುತ್ತಾರೆ.

ಆರು ವಾರ ಮೊದಲೇ ಪಿಡಿಒ ಅವರನ್ನು ಕಂಡು ಎರಡು ಕೆಲಸ ಮಾಡಿಸಿ. ಒಂದು, ದಿನಾಂಕ ನಿಗದಿ. ಇನ್ನೊಂದು, ಕಳೆದ ವರ್ಷದ ಮಕ್ಕಳ ಗ್ರಾಮಸಭೆಯ ನಡಾವಳಿ ಪ್ರತಿ. ಈ ಎರಡನೆಯದನ್ನು ಕೇಳುವವರೇ ಕಡಿಮೆ. ನಡಾವಳಿ ಸಿಕ್ಕರೆ ಈ ವರ್ಷದ ಸಭೆಗೆ ಅರ್ಧ ಅಜೆಂಡಾ ಸಿಕ್ಕಂತೆ. ಸಿಗದಿದ್ದರೆ ಅದೂ ಒಂದು ಸುದ್ದಿಯೇ, ಸಭೆಯಲ್ಲಿ ಮಕ್ಕಳು ಕೇಳಬಹುದಾದ ಮೊದಲ ಪ್ರಶ್ನೆ.

ಅಧಿಕಾರಿಗಳಿಗೆ ಆಹ್ವಾನ ಪಂಚಾಯಿತಿಯ ಲೆಟರ್‌ಹೆಡ್‌ನಲ್ಲಿ, ಕನಿಷ್ಠ 15 ದಿನ ಮೊದಲು ಹೋಗಲಿ. ಯಾರನ್ನು ಕರೆಯಬೇಕು ಎಂಬುದು ಮಕ್ಕಳ ಅಹವಾಲು ನೋಡಿದ ಮೇಲೆ ಗೊತ್ತಾಗುವ ವಿಷಯ. ಬಸ್ಸಿನ ತೊಂದರೆ ಇದ್ದರೆ ಸಾರಿಗೆ ಡಿಪೋ ವ್ಯವಸ್ಥಾಪಕರು ಬೇಕು. ಜೋತುಬಿದ್ದ ವಿದ್ಯುತ್ ತಂತಿಗೆ ವಿದ್ಯುತ್ ಸರಬರಾಜು ಕಂಪನಿಯ (ಎಸ್ಕಾಂ) ಶಾಖಾಧಿಕಾರಿ, ಅಂಗನವಾಡಿಗೆ ಮೇಲ್ವಿಚಾರಕಿ ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ), ಶಾಲಾ ಕೊಠಡಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯವರು, ಬಿಸಿಯೂಟಕ್ಕೆ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರು, ಅಕ್ರಮ ಮದ್ಯಕ್ಕೆ ಪೊಲೀಸ್ ಮತ್ತು ಅಬಕಾರಿಯವರು. ಎಲ್ಲ ಇಲಾಖೆಗೂ ಒಂದೇ ಮಾದರಿ ಪತ್ರ ಕಳಿಸಿದರೆ ಯಾರೂ ಬರುವುದಿಲ್ಲ. 'ನಿಮ್ಮ ಇಲಾಖೆಗೆ ಸಂಬಂಧಿಸಿದ ಎರಡು ಅಹವಾಲುಗಳಿವೆ, ವಿವರ ಲಗತ್ತಿಸಿದೆ' ಎಂದು ಬರೆದರೆ ಬರದವರೂ ಉತ್ತರ ಕಳಿಸುವ ಸಾಧ್ಯತೆ ಹೆಚ್ಚು.

ಯಾವ ಮಕ್ಕಳು

ಸಭೆ ನಡೆಯುವ ಶಾಲೆಯ ಮಕ್ಕಳನ್ನೇ ಸಾಲಾಗಿ ಕೂರಿಸಿ ಕೆಲಸ ಮುಗಿಸುವುದು ಸುಲಭ, ತಪ್ಪೂ ಅದೇ. ಪಂಚಾಯಿತಿ ವ್ಯಾಪ್ತಿಯ ಎಲ್ಲ ಹಳ್ಳಿ, ಕೇರಿ, ಕಾಲೊನಿ, ತಾಂಡಾ, ಹಾಡಿಗಳ ಪಟ್ಟಿ ಮೊದಲು ಹಾಕಿಕೊಳ್ಳಿ. ಪ್ರತಿಯೊಂದರಿಂದ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಮನೆಗಳ ಸಂಖ್ಯೆ ಹತ್ತೇ ಇದ್ದರೂ ಇದೇ ಲೆಕ್ಕ. ಖಾಸಗಿ ಶಾಲೆಯ ವ್ಯಾನಿನಲ್ಲಿ ಪಟ್ಟಣಕ್ಕೆ ಹೋಗುವವರು, ಹಾಸ್ಟೆಲ್ ಮಕ್ಕಳು, ಪಿಯುಸಿ ಓದುವವರು ಕೂಡ ಊರಿನ ಮಕ್ಕಳೇ. 16-17ರ ವಯಸ್ಸಿನವರನ್ನು 'ಇವರೇನು ಮಕ್ಕಳಾ' ಎಂದು ಬಿಡುವುದುಂಟು. ಮದುವೆ, ಕೂಲಿ, ಓದು ನಿಲ್ಲುವುದು, ಎಲ್ಲ ಒತ್ತಡ ಬೀಳುವುದು ಅವರ ಮೇಲೆಯೇ.

ಶಾಲೆಯ ಹಾಜರಾತಿ ಪುಸ್ತಕದಲ್ಲಿ ಸಿಗದ ಮಕ್ಕಳಿಗೆ ಬೇರೆಯೇ ದಾರಿ ಹಿಡಿಯಬೇಕು. ಕಬ್ಬು ಕಡಿಯಲು ಬಂದ ಕುಟುಂಬಗಳು, ಇಟ್ಟಿಗೆ ಗೂಡು, ಕಾಫಿ ತೋಟದ ಲೈನ್ ಮನೆ, ಕುರಿ ಹಟ್ಟಿ, ಇಲ್ಲಿನ ಮಕ್ಕಳ ಲೆಕ್ಕ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಅಂಗವೈಕಲ್ಯವಿರುವ ಮಕ್ಕಳ ವಿಚಾರ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಗಾಲಿಕುರ್ಚಿ, ಬಿಳಿ ಕೋಲು ಎರಡೇ. ಕಲಿಕೆಯಲ್ಲಿ ಹಿಂದುಳಿದಿದೆ ಎಂದು ಕೊನೆಯ ಬೆಂಚಿಗೆ ಹೋದ ಮಗುವೂ ಆ ಪಟ್ಟಿಯಲ್ಲಿರಬಹುದು.

ಭಾಷೆಯನ್ನೂ ಯೋಚಿಸಿ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಗು ಅಧಿಕಾರಿಗಳೆದುರು ಗ್ರಾಂಥಿಕ ಕನ್ನಡದಲ್ಲಿ ಮಾತಾಡಬೇಕೆಂದರೆ ಬಾಯಿ ಬಿಡುವುದಿಲ್ಲ. ಯಾವ ಭಾಷೆಯಲ್ಲಾದರೂ ಹೇಳಬಹುದು, ಪಕ್ಕದಲ್ಲಿ ಒಬ್ಬರು ಕನ್ನಡಕ್ಕೆ ಹೇಳುತ್ತಾರೆ ಎಂದು ಮೊದಲೇ ತಿಳಿಸಿ. ಒಟ್ಟು ಸಂಖ್ಯೆ 100-120 ದಾಟಿದರೆ ಅದು ಸಭೆಯಾಗಿ ಉಳಿಯುವುದಿಲ್ಲ.

ಅಹವಾಲು ಕಟ್ಟುವುದು

ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿಗೆ. ಪ್ರತಿ ಊರಿನಲ್ಲೂ ಎರಡು ಬೈಠಕ್ ಮಾಡಿ, ಒಂದೊಂದು ಎರಡು ಗಂಟೆ, ಶಾಲೆ ಬಿಟ್ಟ ಮೇಲೆ ಅಥವಾ ಭಾನುವಾರ. ಜಾಗ ಅರಿವು ಕೇಂದ್ರವೋ ಅಂಗನವಾಡಿ ಅಂಗಳವೋ ಆಗಬಹುದು. ಎಲ್ಲ ಜಾತಿಯ ಮಕ್ಕಳೂ ಅಳುಕಿಲ್ಲದೆ ಕಾಲಿಡುವ ಜಾಗವೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ದೇವಸ್ಥಾನದ ಕಟ್ಟೆ ಸಾರ್ವಜನಿಕ ಜಾಗ ಅನ್ನಿಸಬಹುದು, ಆದರೆ ಅಲ್ಲಿ ಯಾರು ಮೇಲೆ ಕೂರುತ್ತಾರೆ, ಯಾರು ಕೆಳಗೆ ನಿಲ್ಲುತ್ತಾರೆ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮೊದಲ ಬೈಠಕ್‌ನಲ್ಲಿ ನೆಲದ ಮೇಲೆ ಸೀಮೆಸುಣ್ಣ, ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸಿ. ಹುಡುಗಿಯರು ಒಂದು, ಹುಡುಗರು ಇನ್ನೊಂದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದೇ ಊರು ಅನ್ನಿಸುವುದಿಲ್ಲ. ಹುಡುಗರ ನಕ್ಷೆಯಲ್ಲಿ ಆಟದ ಮೈದಾನ, ಕೆರೆ ದೊಡ್ಡದಾಗಿರುತ್ತವೆ. ಹುಡುಗಿಯರ ನಕ್ಷೆಯಲ್ಲಿ ಬೀದಿದೀಪ ಉರಿಯದ ತಿರುವು, ಗಂಡಸರು ಕೂರುವ ಅಂಗಡಿ ಮುಂಗಟ್ಟು ಕಾಣಿಸಿಕೊಳ್ಳುತ್ತವೆ. ಎಲ್ಲಿ ಭಯ, ಎಲ್ಲಿ ಹೋಗುವಂತಿಲ್ಲ, ಎಲ್ಲಿ ಹೋಗಲು ಇಷ್ಟ ಎಂದು ಮೂರು ಬಣ್ಣದಲ್ಲಿ ಗುರುತು ಹಾಕಿಸಿ, ನಕ್ಷೆಯ ಫೋಟೋ ತೆಗೆದಿಟ್ಟುಕೊಳ್ಳಿ. ಹತ್ತು ಹದಿನೈದು ಸಮಸ್ಯೆ ತಾವಾಗಿ ಹೊರಬರುತ್ತವೆ. ಅಷ್ಟರಲ್ಲಿ 'ಟಾಯ್ಲೆಟ್ ವಿಚಾರ ಹೇಳಿ' ಎಂದು ದೊಡ್ಡವರು ಬಾಯಿ ಹಾಕಬಾರದು.

ಎರಡನೇ ಬೈಠಕ್‌ನಲ್ಲಿ ಆದ್ಯತೆ. ಪ್ರತಿ ಸಮಸ್ಯೆಗೆ ಒಂದು ಚಿತ್ರ, ಚಿತ್ರದ ಮುಂದೆ ಮುಚ್ಚಳದಲ್ಲಿ ತೂತಿರುವ ಒಂದು ಡಬ್ಬಿ. ಪ್ರತಿ ಮಗುವಿಗೆ ಮೂರು ಕಾಳು, ಹುಡುಗಿಯರಿಗೆ ಹುಣಸೆ ಬೀಜ, ಹುಡುಗರಿಗೆ ಕಡಲೆಕಾಳು. ಪರದೆಯ ಹಿಂದೆ ಒಬ್ಬೊಬ್ಬರಾಗಿ ಹೋಗಿ ಹಾಕಿ ಬರಲಿ. ತೆರೆದ ತಟ್ಟೆ ಇಟ್ಟರೆ ಮುಂದಾಳು ಹುಡುಗ ಎಲ್ಲಿ ಹಾಕುತ್ತಾನೋ ಅಲ್ಲೇ ಎಲ್ಲರ ಕಾಳೂ ಬೀಳುತ್ತದೆ. ಎಣಿಸುವಾಗ ಬೀಜ, ಕಾಳು ಬೇರೆ ಬೇರೆ ಲೆಕ್ಕ ಹಾಕಿ. ಕ್ರಿಕೆಟ್ ಮೈದಾನ ಒಟ್ಟಾರೆ ಮೊದಲ ಸ್ಥಾನಕ್ಕೆ ಬಂದು, ಹುಡುಗಿಯರ ಪಟ್ಟಿಯಲ್ಲಿ ಮೊದಲಿದ್ದ ಚಿಲಕವಿಲ್ಲದ ಶೌಚಾಲಯ ಒಟ್ಟು ಲೆಕ್ಕದಲ್ಲಿ ಐದನೆಯದಕ್ಕೆ ಇಳಿದಿರಬಹುದು. ಎರಡೂ ಪಟ್ಟಿಯ ಮೊದಲೆರಡನ್ನು ಸಭೆಗೆ ಒಯ್ಯಿರಿ.

ಇನ್ನೊಂದು ನಿಯಮವನ್ನು ಮಕ್ಕಳಿಗೆ ಬಿಡಿಸಿ ಹೇಳಿ: ಕೆಲವು ವಿಷಯಗಳನ್ನು ಮತಕ್ಕೆ ಹಾಕುವಂತಿಲ್ಲ. ಶಾಲೆಗೆ ರ‍್ಯಾಂಪ್ ಬೇಕಾಗಿರುವುದು ಒಂದೇ ಮಗುವಿಗಾದರೆ ಅದಕ್ಕೆ ಬೀಳುವುದು ಮೂರೇ ಕಾಳು, ಯಾವ ವರ್ಷವೂ ಗೆಲ್ಲುವುದಿಲ್ಲ. ಬಿಸಿಯೂಟಕ್ಕೆ ಕೆಲವರನ್ನು ಬೇರೆ ಸಾಲಿನಲ್ಲಿ ಕೂರಿಸುವುದು ಅಲ್ಲಿನ ಬಹುಮತಕ್ಕೆ ತೊಂದರೆ ಅನ್ನಿಸದೇ ಇರಬಹುದು. ಅವು ಹಕ್ಕಿನ ಮಾತುಗಳಾದ್ದರಿಂದ ಎಣಿಕೆಯಾಚೆಗೇ ಪಟ್ಟಿಗೆ ಸೇರುತ್ತವೆ. ಬಹುಮತಕ್ಕೂ ಹಕ್ಕಿಗೂ ಇರುವ ಈ ವ್ಯತ್ಯಾಸವನ್ನು ಹದಿಮೂರರ ಮಕ್ಕಳು ಕಾಳು ಎಣಿಸುತ್ತಲೇ ಹಿಡಿಯುತ್ತಾರೆ, ಪೌರನೀತಿ ಪಾಠದಲ್ಲಿ ಹಿಡಿಯುವುದು ಕಷ್ಟ.

ಆಯ್ಕೆಯಾದ ವಿಷಯಕ್ಕೆ ಈಗ ಲೆಕ್ಕ ಕೂಡಿಸಬೇಕು. 'ನಮ್ಮೂರಿಗೆ ಬಸ್ ಬಿಡಿ' ಎಂಬ ಮನವಿಗೆ 'ಪರಿಶೀಲಿಸುತ್ತೇವೆ' ಎಂಬುದೇ ಉತ್ತರ. ಅದನ್ನು ಹೀಗೆ ಕಟ್ಟಿ: ಬೆಳಿಗ್ಗೆ 8.20ರ ಬಸ್ ಎಷ್ಟು ದಿನ ಬಂತು, ಎಷ್ಟು ದಿನ ನಿಲ್ಲಿಸದೆ ಹೋಯಿತು, ಹತ್ತಲಾಗದೆ ಉಳಿದವರು ಎಷ್ಟು ಮಂದಿ, ಎರಡು ವಾರ ಮಕ್ಕಳೇ ನೋಟ್‌ಬುಕ್‌ನಲ್ಲಿ ಬರೆಯಲಿ. ಕೊನೆಯ ಸಾಲಿನಲ್ಲಿ ಏನು ಬೇಕು ಎಂಬುದು ಒಂದೇ ಇರಲಿ: ಸಮಯ ಬದಲಿಸಬೇಕೋ, ನಿಲುಗಡೆ ಬೇಕೋ, ಇನ್ನೊಂದು ಬಸ್ ಬೇಕೋ. ಮೂರನ್ನೂ ಕೇಳಿದರೆ ಡಿಪೋದವರು ತಮಗೆ ಆಗದ್ದನ್ನು ಮಾತ್ರ ಎತ್ತಿಕೊಂಡು ಉತ್ತರಿಸುತ್ತಾರೆ.

ರ‍್ಯಾಂಪ್‌ಗೂ ಟೇಪು ಹಿಡಿಯಿರಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಜಗಲಿ ಒಂದೂವರೆ ಅಡಿ ಎತ್ತರವಿದ್ದರೆ ರ‍್ಯಾಂಪ್ 18 ಅಡಿ, ಅಗಲ ನಾಲ್ಕು ಅಡಿ, ಪಕ್ಕದಲ್ಲಿ ಹಿಡಿಕಂಬಿ. ಎಷ್ಟೋ ಶಾಲೆಗಳಲ್ಲಿ ಜಾಗ ಸಾಲದೆಂದು ಐದಾರು ಅಡಿಯಲ್ಲೇ ಮುಗಿಸಿರುತ್ತಾರೆ. ಗಾಲಿಕುರ್ಚಿಯನ್ನು ಅದರ ಮೇಲೆ ತಳ್ಳಲು ಇಬ್ಬರು ಬೇಕು, ಇಳಿಸುವಾಗ ಜೀವ ಬಾಯಿಗೆ ಬರುತ್ತದೆ. 'ರ‍್ಯಾಂಪ್ ಇದೆ' ಎಂದು ಕಾಗದದಲ್ಲಿ ಟಿಕ್ ಆಗಿರುವುದರಿಂದ ಯಾರೂ ತಿರುಗಿ ನೋಡುವುದಿಲ್ಲ. ಎತ್ತರ ಇಷ್ಟು, ಉದ್ದ ಇಷ್ಟು, ಬೇಕಾಗಿದ್ದು ಇಷ್ಟು ಎಂದು ಮಕ್ಕಳು ಮೂರು ಅಂಕಿ ಓದಿದರೆ ಇಂಜಿನಿಯರ್ ಬಳಿ ಅಡ್ಡಮಾತು ಉಳಿಯುವುದಿಲ್ಲ.

ಮೈಕಿನ ಮುಂದೆ ಬರಬಾರದ ವಿಷಯಗಳು

ಸಭೆಗೆ ಎರಡು ವಾರ ಮೊದಲು ಶಾಲೆ, ಅರಿವು ಕೇಂದ್ರ, ಹಾಸ್ಟೆಲ್‌ಗಳಲ್ಲಿ ಮಕ್ಕಳು ಚೀಟಿ ಬರೆದು ಹಾಕಲು ಬೀಗ ಹಾಕಿದ ಪೆಟ್ಟಿಗೆ ಇಡುವುದು ವಾಡಿಕೆ. ಕೀಲಿ ಯಾರ ಬಳಿ ಎಂಬುದೇ ಮುಖ್ಯ. ಮುಖ್ಯ ಶಿಕ್ಷಕರ ಕೊಠಡಿಯಲ್ಲಿಟ್ಟು ಅವರೇ ತೆಗೆದರೆ ಶಿಕ್ಷಕರ ಬಗ್ಗೆ ಒಂದು ಚೀಟಿಯೂ ಬೀಳದು. ಪೆಟ್ಟಿಗೆಯನ್ನು ಹೊರಗಿನ ಇಬ್ಬರು, ಅದರಲ್ಲೊಬ್ಬರು ಮಹಿಳೆ, ಒಟ್ಟಿಗೆ ತೆಗೆಯಲಿ. ಚೀಟಿಗಳನ್ನು ವೇದಿಕೆಯ ಮೇಲೆ ಮೊದಲ ಸಲ ಬಿಚ್ಚಿ ಓದುವ ಪದ್ಧತಿ ಕೆಲವೆಡೆ ಇದೆ, ಅದನ್ನು ಇಂದೇ ನಿಲ್ಲಿಸಿ.

ಯಾಕೆಂದರೆ ಆ ಚೀಟಿಗಳಲ್ಲಿ ಲೈಂಗಿಕ ಕಿರುಕುಳ, ನಿಶ್ಚಯವಾದ ಬಾಲ್ಯವಿವಾಹ, ಮನೆಯ ಹೊಡೆತ ಬಂದಿರಬಹುದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಗೊತ್ತಾದ ಪ್ರತಿಯೊಬ್ಬರ ಕಡ್ಡಾಯ ಹೊಣೆ. ಮಗುವಿನ ಹೆಸರು, ಶಾಲೆ, ಗುರುತು ಸಿಗುವ ಯಾವುದನ್ನೂ ಹೊರಹಾಕುವಂತಿಲ್ಲ. 'ಮೊದಲು ಊರ ಹಿರಿಯರ ಜೊತೆ ಮಾತಾಡೋಣ' ಎನ್ನುವವರು ಇದ್ದೇ ಇರುತ್ತಾರೆ, ಅವರ ಮಾತು ಕೇಳಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಅವತ್ತೇ ಕರೆ ಮಾಡಿ. ಬಾಲ್ಯವಿವಾಹದ ಸುದ್ದಿಯಾದರೆ ಪಿಡಿಒ ಅವರಿಗೂ ತಿಳಿಸಿ, ಅವರೂ ಬಾಲ್ಯವಿವಾಹ ನಿಷೇಧಾಧಿಕಾರಿಗಳಲ್ಲಿ ಒಬ್ಬರು. ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು.

ಅಕ್ರಮ ಮದ್ಯದ ವಿಷಯ ಬೇರೆ ಬಗೆಯ ಅಪಾಯ. ಮಕ್ಕಳು ಧೈರ್ಯವಾಗಿ ಅಂಗಡಿಯವನ ಹೆಸರನ್ನೇ ಹೇಳಿಬಿಡುತ್ತಾರೆ, ಸಂಜೆ ಅವನು ಆ ಮಗುವಿನ ಮನೆ ಮುಂದೆ ಬಂದು ನಿಲ್ಲುತ್ತಾನೆ. ಇಂಥ ವಿಷಯವನ್ನು ಊರಿನ ಎಲ್ಲ ಮಕ್ಕಳ ಹೆಸರಿನಲ್ಲಿ, ಅಂಗಡಿಗಳ ಹೆಸರಿಲ್ಲದೆ ಮಂಡಿಸಿ. ಹೆಸರುಗಳನ್ನು ಮುಚ್ಚಿದ ಲಕೋಟೆಯಲ್ಲಿ ದೊಡ್ಡವರೊಬ್ಬರು ಪೊಲೀಸರಿಗೆ ತಲುಪಿಸಲಿ. ಮಾತಾಡುವ ಮಗುವಿನ ವಿಡಿಯೋ ತೆಗೆದು ವಾಟ್ಸಾಪ್ ಗುಂಪುಗಳಿಗೆ ಹಾಕುವುದನ್ನು ಸಭೆಯ ಆರಂಭದಲ್ಲೇ ನಿಷೇಧಿಸಿ.

ಸಭೆಯ ದಿನ

ಬೆಳಿಗ್ಗೆ 10.30ಕ್ಕೆ ಶುರು, 1.30ಕ್ಕೆ ಮುಕ್ತಾಯ. ವೇದಿಕೆ ಬೇಡ. ಕುರ್ಚಿಗಳನ್ನು ಅರ್ಧಚಂದ್ರಾಕಾರದಲ್ಲಿ ಹಾಕಿ, ಅಧಿಕಾರಿಗಳು ಮಕ್ಕಳು ಒಂದೇ ಮಟ್ಟದಲ್ಲಿ ಕೂರಲಿ. ಹಾರ, ಶಾಲು, ಸ್ವಾಗತ ನೃತ್ಯ ಬಿಡಿ. ನೃತ್ಯಕ್ಕೆಂದು ಹುಡುಗಿಯರು ವಾರವಿಡೀ ಅಭ್ಯಾಸ ಮಾಡಿ, ಸಭೆಯಲ್ಲಿ ಬಾಯೇ ತೆರೆಯದೆ ಹೋಗುವುದನ್ನು ಎಲ್ಲೆಡೆ ಕಾಣಬಹುದು. ಊಟದ ಲೆಕ್ಕ ಮೂರು ದಿನ ಮೊದಲೇ ಅಡುಗೆಯವರಿಗೆ ಹೇಳಿ. ಬೇರೆ ಶಾಲೆಗಳ ಮಕ್ಕಳಿಗೆ ಇಲ್ಲಿನ ಅಕ್ಕಿ ಬೇಳೆ ಸಾಲದು, ಖರ್ಚು ಪಂಚಾಯಿತಿಯದಾಗಲಿ.

ಗ್ರಾಮ ಪಂಚಾಯಿತಿ ಅಧ್ಯಕ್ಷರು ಸಭೆಯಲ್ಲಿರಬೇಕು, ನಡೆಸಿಕೊಡುವುದು ಮಾತ್ರ ಇಬ್ಬರು ಮಕ್ಕಳು. ಅವರಿಗೆ ಹಿಂದಿನ ದಿನ ಒಂದು ಗಂಟೆ ತರಬೇತಿ ಸಾಕು: ಕ್ರಮವಾಗಿ ಕರೆಯುವುದು, ಸಮಯ ನೋಡುವುದು, ದೊಡ್ಡವರ ಮಾತು ಉದ್ದವಾದರೆ ಗಂಟೆ ಬಾರಿಸುವುದು. ಅಹವಾಲಿಗೆ ಮೂರು ನಿಮಿಷ, ಉತ್ತರಕ್ಕೆ ಮೂರು ನಿಮಿಷ, ಮರುಪ್ರಶ್ನೆಗೆ ಒಂದು. ಮೊದಲ ಅರ್ಧ ಗಂಟೆ ಕಳೆದ ವರ್ಷದ ಅನುಪಾಲನಾ ವರದಿಗೆ, ಅಂದರೆ ಆಗ ಕೇಳಿದ್ದರಲ್ಲಿ ಏನಾಯಿತು, ಏನಾಗಲಿಲ್ಲ ಎಂಬ ಲೆಕ್ಕಕ್ಕೆ ಮೀಸಲು.

'ಅನುದಾನ ಬಂದ ಮೇಲೆ ನೋಡೋಣ' ಎಂಬ ಉತ್ತರ ಖಂಡಿತ ಬರುತ್ತದೆ. ಮರುಪ್ರಶ್ನೆ ಮಕ್ಕಳಿಗೆ ಬಾಯಿಪಾಠವಾಗಿರಲಿ: 'ಸಾರ್, ಯಾವ ಅನುದಾನ? ಕ್ರಿಯಾ ಯೋಜನೆಗೆ ಸೇರಿಸುತ್ತೀರಾ? ಯಾವ ತಿಂಗಳೊಳಗೆ?' ಉತ್ತರ ಇಲ್ಲದಿದ್ದರೆ 'ಉತ್ತರ ಸಿಗಲಿಲ್ಲ' ಎಂದೇ ದಾಖಲಾಗಲಿ. ಶಿಕ್ಷಕರು ಎದ್ದು ನಿಂತು 'ನಮ್ಮ ಶಾಲೆಯಲ್ಲಿ ಹಾಗೇನಿಲ್ಲ' ಎನ್ನುವುದೂ ಉಂಟು. ನಡೆಸಿಕೊಡುವ ಮಗು ವಿನಯದಿಂದಲೇ 'ಇದು ನಮ್ಮ ಸರದಿ, ಮೇಡಂ' ಅಂದರೆ ಸಾಕು. ಆಮೇಲೆ ಆ ಮಗುವಿಗೆ ತರಗತಿಯಲ್ಲಿ ಏನಾಗುತ್ತಿದೆ ಎಂದು ವಾರದೊಳಗೆ ವಿಚಾರಿಸುವುದು ನಿಮ್ಮ ಕೆಲಸ.

ಬರೆದುಕೊಳ್ಳಲು ಇಬ್ಬರಿರಲಿ, ಒಬ್ಬರು ಪಂಚಾಯಿತಿ ಸಿಬ್ಬಂದಿ, ಒಬ್ಬರು ನಿಮ್ಮವರು. ಅಂಕಣಗಳು ಆರು: ವಿಷಯ, ಊರು, ಇಲಾಖೆ, ಉತ್ತರ ಕೊಟ್ಟವರ ಹುದ್ದೆ, ಏನಂದರು, ಯಾವ ದಿನಾಂಕದೊಳಗೆ. ಮುಗಿಯುವ ಮುನ್ನ ಇಡೀ ಪಟ್ಟಿಯನ್ನು ಗಟ್ಟಿಯಾಗಿ ಓದಿ, ಅಧ್ಯಕ್ಷರು ಮತ್ತು ಪಿಡಿಒ ಅಲ್ಲೇ ಸಹಿ ಹಾಕಲಿ. 'ನಾಳೆ ಆಫೀಸಿಗೆ ಬನ್ನಿ' ಎಂದು ಮುಂದಕ್ಕೆ ಹಾಕಿದ ಸಹಿ ಬರುವ ಹೊತ್ತಿಗೆ ದಿನಾಂಕದ ಅಂಕಣ ಖಾಲಿಯಾಗಿರುತ್ತದೆ.

ಆಮೇಲಿನ ಮೂರು ತಿಂಗಳು

ಮಕ್ಕಳ ಗ್ರಾಮಸಭೆಯ ನಡಾವಳಿ ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆಗೆ ಬಂದು ನಿರ್ಣಯವಾಗದಿದ್ದರೆ ಅದಕ್ಕೆ ಹಣವೂ ಇಲ್ಲ, ಹೊಣೆಯೂ ಇಲ್ಲ. ಆ ಸಭೆಯ ವಿಷಯಪಟ್ಟಿಯಲ್ಲಿ ಇದು ಸೇರಿದೆಯೇ ಎಂದು ಮೊದಲೇ ವಿಚಾರಿಸಿ, ನಿಮ್ಮ ವಾರ್ಡಿನ ಸದಸ್ಯರಿಗೂ ಹೇಳಿ. ಪಂಚಾಯಿತಿ ಕೈಯಲ್ಲಾಗುವ ಬೀದಿದೀಪ, ಚರಂಡಿ, ನಲ್ಲಿ, ಚಿಲಕದಂಥ ಕೆಲಸಗಳನ್ನು ಬೇರೆ ಮಾಡಿ, ಒಂದು ತಿಂಗಳಲ್ಲಿ ಎರಡಾದರೂ ಆಗುವಂತೆ ಬೆನ್ನು ಹತ್ತಿ. ಐವತ್ತು ರೂಪಾಯಿಯ ಚಿಲಕ ಬಿದ್ದರೂ ಮಕ್ಕಳಿಗೆ ಸಭೆಯ ಮೇಲೆ ನಂಬಿಕೆ ಬರುತ್ತದೆ. ಬೇರೆ ಇಲಾಖೆಗಳದ್ದಾದರೆ ಪಂಚಾಯಿತಿಯಿಂದ ಪತ್ರ ಹೋಗಬೇಕು, ಪತ್ರದ ಸಂಖ್ಯೆ ದಿನಾಂಕ ನಿಮ್ಮ ಬಳಿ ಇರಬೇಕು.

ಸಭೆಯಾಗಿ 90 ದಿನಕ್ಕೆ ಅರಿವು ಕೇಂದ್ರದ ಗೋಡೆಗೆ ಅನುಪಾಲನಾ ವರದಿ ಅಂಟಿಸಿ: ಆಯಿತು, ನಡೆಯುತ್ತಿದೆ, ಆಗಲಿಲ್ಲ, ಯಾಕೆ. ಆಗದ್ದಕ್ಕೆ ಕಾರಣ ಬರೆಯುವ ಅಂಕಣವನ್ನು ಪಂಚಾಯಿತಿಯವರು ಖಾಲಿ ಬಿಡಲು ನೋಡುತ್ತಾರೆ, ಬಿಡಬೇಡಿ.

ಕೇಳಿದರೂ ನಡಾವಳಿ ಕೊಡದಿದ್ದರೆ ದೊಡ್ಡವರೊಬ್ಬರು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. 'ಇಂಥ ದಿನಾಂಕದ ಮಕ್ಕಳ ಗ್ರಾಮಸಭೆಯ ನಡಾವಳಿ ಮತ್ತು ಅದರ ಮೇಲೆ ಕೈಗೊಂಡ ಕ್ರಮದ ದೃಢೀಕೃತ ಪ್ರತಿ' ಎಂದು ಬರೆದರೆ ಸಾಕು. ಉತ್ತರಕ್ಕೆ 30 ದಿನ ಗಡುವು. 'ಯಾಕೆ ಮಾಡಲಿಲ್ಲ' ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಿರಸ್ಕರಿಸಲು ದಾರಿಯಾಗುತ್ತದೆ. ಮಗುವಿನ ಹೆಸರಿನಲ್ಲಿ ಅರ್ಜಿ ಹಾಕಿಸುವ ಹುಮ್ಮಸ್ಸೂ ಬೇಡ. ಒತ್ತಡ ಬಂದರೆ ತಡೆದುಕೊಳ್ಳಬೇಕಾದವರು ನೀವು.

ಮಾರ್ಚ್‌ನಲ್ಲಿ ಹತ್ತನೇ ತರಗತಿಯವರು ಹೊರಡುವ ಮುನ್ನ ಕಡತವನ್ನು ಎಂಟನೇ, ಒಂಬತ್ತನೇ ತರಗತಿಯ ನಾಲ್ವರಿಗೆ ಒಪ್ಪಿಸಿ. ಕಡತದಲ್ಲಿರಬೇಕಾದದ್ದು ನೆಲದ ನಕ್ಷೆಗಳ ಫೋಟೋ, ಬಸ್ಸಿನ ನೋಟ್‌ಬುಕ್, ಸಹಿಯಾದ ನಡಾವಳಿ, ಪತ್ರಗಳ ಪ್ರತಿ, ಅನುಪಾಲನಾ ವರದಿ. ಪೆಟ್ಟಿಗೆಯ ಚೀಟಿಗಳು ಮಾತ್ರ ಆ ಕಡತಕ್ಕೆ ಸೇರಬಾರದು. ದೂರಿಗೆ ಸಂಬಂಧಿಸಿದವು ಸಾಕ್ಷ್ಯವಾದ್ದರಿಂದ ಅವನ್ನು ಹರಿಯದೆ ಪೊಲೀಸರಿಗೋ ಮಕ್ಕಳ ರಕ್ಷಣಾ ಘಟಕಕ್ಕೋ ಒಪ್ಪಿಸಿ. ಉಳಿದವನ್ನು ವಿಷಯ ಬರೆದುಕೊಂಡು ಸುಟ್ಟುಬಿಡಿ.